ಬಲಗಡೆ ಸೀಟಿನ ಪ್ಯಾಸೆಂಜರ್

ಜೂನ್ 11, 1992. ಗುರುವಾರ. ಬೆಳಿಗ್ಗೆ 8.10

ಏಳೂ ಕಾಲಿನ ಗುಲಬರ್ಗಾ ಗಾಡಿ ಏಳೂವರೆಗೆ ಬಿಟ್ಟಿತು. ಡ್ರೈವರ್ ಲಾಡ್ಲೆಸಾಬ. ಅಫಜಲಪುರ ಬಸ್ ಸ್ಟ್ಯಾಂಡಿನಲ್ಲಿ 'ಹಾರ್ನ್ ಹೊಡೆಯಬಾರದು' ಎಂದು ಬೋರ್ಡ್ ಬರೆಸಿದ ಕಂಟ್ರೋಲರ್ ನಾನು. ಅವನು ಸರಿಯಾಗಿ ಬೋರ್ಡಿನ ಕೆಳಗೇ ನಿಲ್ಲಿಸಿ ಹೊಡೆಯುತ್ತಾನೆ. ಇನ್ನೊಮ್ಮೆ ಹೊಡೆದರೆ ಡಿಪೋಗೆ ರಿಪೋರ್ಟ್. ಈ ಮಾತು ಎಷ್ಟನೆಯ ಸಲ ಬರೆಯುತ್ತಿದ್ದೇನೋ...

ಎಂಟಕ್ಕೆ ಎಣ್ಣೆ ಔಷಧ ಆಯಿತು. ಗಾಜಿನ ಲೋಟ, ಹಾಲು. ಪಿಚಕಾರಿಯಲ್ಲಿ ಅಳೆದು ಬಿಡುವುದು, ಕಲಕುವುದು, ಮೂಗು ಹಿಡಿದು ಕುಡಿಯುವುದು. ಆಮೇಲೆ ಹಳದಿ ಗುಳಿಗೆ, ಬಿಳಿ ಗುಳಿಗೆ, ಬಾವು ಇಳಿಸುವ ನೀರಿನ ಗುಳಿಗೆ. ಮೊದಮೊದಲು ಗಾಡಿ ನೋಡಿಕೊಂಡು ತೆಗೆದುಕೊಳ್ಳುತ್ತಿದ್ದೆ — ಸೊಲ್ಲಾಪುರದ್ದು ಬಂದರೆ ಎಣ್ಣೆ, ಆಳಂದದ್ದು ಬಂದರೆ ಹಳದಿ. ಒಂದು ದಿನವೂ ಗಾಡಿ ವೇಳೆಗೆ ಬರಲಿಲ್ಲ, ಔಷಧವೂ ವೇಳೆಗೆ ಹೋಗಲಿಲ್ಲ. ಕಸ್ತೂರಿ ತಲೆ ಚಚ್ಚಿಕೊಂಡು ಕೈಗಡಿಯಾರ ಕಟ್ಟಿದಳು. ಹೆಂಡತಿ ಎಂದರೆ ಹಾಗಿರಬೇಕು.

ಆಸ್ಪತ್ರೆಯ ಚಾರ್ಟ್ ಬೇರೆ ಇದೆ, ಕೆಂಪು ರಟ್ಟಿನದು. ಹೊಟ್ಟೆಗೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಅದರಲ್ಲಿ. ಅದರ ಕಾಲಂಗಳಲ್ಲಿ ಹಿಡಿಯದ್ದು ಇಲ್ಲಿ. ಇದನ್ನು ಓದುವವರಿಲ್ಲ. ಹಾಗಾಗಿ ಸುಳ್ಳು ಬರೆಯುವ ತ್ರಾಸೂ ಇಲ್ಲ.

ಹದಿನಾರು ತಿಂಗಳಾಯಿತು. ಮುಂಬಯಿಯಲ್ಲಿ ಗುರುಬಾಯಕ್ಕನ ಕಿಡ್ನಿ ಒಂದನ್ನು ತೆಗೆದು ನನ್ನ ಹೊಟ್ಟೆಯಲ್ಲಿ ಬಲಗಡೆ ಕೂರಿಸಿದರು. ಬಲಗಡೆ ಸೀಟಿನ ಪ್ಯಾಸೆಂಜರ್. ಪರ್ಮನೆಂಟ್ ಪಾಸ್.

ಈ ಪಂಚಮಿಗೆ ಅಕ್ಕನನ್ನು ಕರೆಯಲು ಕೊಳಕೂರಕ್ಕೆ ನಾನೇ ಹೋಗುವುದು. ಹೋದ ವರ್ಷ ಅಕ್ಕ ತಮ್ಮ ಇಬ್ಬರೂ ಹೊಲಿಗೆ ಹಿಡಿದುಕೊಂಡು ಕೂತವರು. ಅದರ ಹಿಂದಿನ ಎರಡು ವರ್ಷ ನನಗೆ ಡಯಾಲಿಸಿಸ್. ಮೂರು ಪಂಚಮಿ ಅಕ್ಕ ತವರಿನ ಜೋಕಾಲಿ ಕಂಡಿಲ್ಲ. ಆಗಸ್ಟ್ 3ಕ್ಕೆ ಹಬ್ಬ. ಹಗ್ಗ ಈಗಲೇ ತಂದಿಟ್ಟಿದ್ದೇನೆ.


ಜೂನ್ 15, ಸೋಮವಾರ. ಬೆಳಿಗ್ಗೆ 5.40

ಬಲಗಾಲಿನ ಹೆಬ್ಬೆರಳು. ಎದ್ದಾಗಲೇ ಬೆಂಕಿ. ಟೊಮ್ಯಾಟೊದಷ್ಟು ಕೆಂಪು. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತದೆ. ಕಸ್ತೂರಿ ಚೇಳು ಎಂದಳು. ಹಾಸಿಗೆ ಝಾಡಿಸಿದಳು, ಮಂಚ ಸರಿಸಿದಳು, ಪಾತ್ರೆಯ ಸಂದಿಯನ್ನೂ ಬಿಡಲಿಲ್ಲ. ಚೇಳು ಸಿಗಲಿಲ್ಲ. ಮನೆ ಸ್ವಚ್ಛವಾಯಿತು.

10.30

ಬೂಟು ಹಿಡಿಯಲಿಲ್ಲ. ಎಡಗಾಲಿಗೆ ಬೂಟು, ಬಲಗಾಲಿಗೆ ಕಸ್ತೂರಿಯ ಚಪ್ಪಲಿ. ಹೀಗೆಯೇ ಡ್ಯೂಟಿ. ಕ್ಯಾಬಿನ್‌ನಲ್ಲಿ ಕಾಲು ಟೇಬಲ್ ಕೆಳಗಿದ್ದದ್ದು ಪುಣ್ಯ. ಮೈಕಿನಲ್ಲಿ ದನಿ ಮಾತ್ರ ಹೋಗುತ್ತದೆ, ಕಾಲು ಹೋಗುವುದಿಲ್ಲ.


ಜೂನ್ 18, ಗುರುವಾರ. ಸಂಜೆ 6.15

ನನ್ನ ರಕ್ತ ಲ್ಯಾಬಿಗೆ ಹೋಗುವ ಕ್ರಮ ಒಮ್ಮೆ ಬರೆದಿಡಬೇಕು. ಸರ್ಕಾರಿ ದವಾಖಾನೆಯ ಕಂಪೌಂಡರ್ ಜಹೀರುದ್ದೀನ ಬೆಳಿಗ್ಗೆ ಏಳಕ್ಕೆ ಸೂಜಿ ಹಿಡಿದು ಬರುತ್ತಾನೆ. ಸೋಡಾ ಅಂಗಡಿಯ ಬರ್ಫ ಥರ್ಮಾಸಿನಲ್ಲಿ. ಅದರೊಳಗೆ ಬಾಟಲಿ. ಥರ್ಮಾಸು ಲಾಡ್ಲೆಸಾಬನ ಸೀಟಿನ ಪಕ್ಕ. ಗುಲಬರ್ಗಾದಲ್ಲಿ ಲ್ಯಾಬಿಗೆ ಅವನೇ ಕೊಡುತ್ತಾನೆ, ಸಂಜೆ ಚೀಟಿ ಅವನೇ ತರುತ್ತಾನೆ. ಅಷ್ಟೇ ಆದರೆ ಪರವಾಗಿಲ್ಲ. ತರುವಾಗ ಕಂಡಕ್ಟರಿಗೆ ಓದಿ ಹೇಳುತ್ತಾನೆ. ಕಂಡಕ್ಟರ್ ಚೌಡಾಪುರದಲ್ಲಿ ಇಳಿಯುವವರಿಗೆ, ಹತ್ತುವವರಿಗೆ. ನನಗೆ ಗೊತ್ತಾಗುವ ಹೊತ್ತಿಗೆ ಅರ್ಧ ತಾಲೂಕಿಗೆ ಗೊತ್ತು.

ಇವತ್ತೂ ಹಾಗೇ. ಗಾಡಿಯಿಂದಿಳಿದ ಮುದುಕಿಯೊಬ್ಬಳು, ಗುರುತಿಲ್ಲ ಪರಿಚಯವಿಲ್ಲ, ಕ್ಯಾಬಿನ್ ಕಿಟಕಿಗೆ ಬಂದು, "ಒಂಬತ್ತು ಪಾಯಿಂಟ್ ಆರು ಅಂತಲ್ಲೋ ಯಪ್ಪಾ, ಜ್ವಾಕಿ" ಎಂದಳು.

ಯೂರಿಕ್ ಆಸಿಡ್ 9.6. ಏಳರೊಳಗೆ ಇರಬೇಕು. ಕ್ರಿಯಾಟಿನಿನ್ 1.3 — ಅಂದರೆ ಪ್ಯಾಸೆಂಜರ್ ಸೀಟಿನಲ್ಲಿ ಆರಾಮ. ಜಹೀರುದ್ದೀನ ಬೆರಳು ನೋಡಿ, "ಇದು ಗೌಟ್ ರೀ ದೌಲತರಾಯರ. ರಕ್ತದಾಗ ಯೂರಿಕ್ ಹೆಚ್ಚಾಗಿ ಸಂದಿನ್ಯಾಗ ಹರಳ ಕಟ್ಟತದ. ನಾಡದ ಶನಿವಾರ ಡಾಕ್ಟರಮ್ಮಗ ತೋರಸ್ರಿ, ನಾ ಏನೂ ಕೊಡಂಗಿಲ್ಲ" ಎಂದ.

ಡಾಕ್ಟರಮ್ಮ ಎಂದರೆ ಮೆಹರಾಜಬೇಗಂ. ಕಿಡ್ನಿ ಡಾಕ್ಟರು, ಸೊಲ್ಲಾಪುರದಿಂದ ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಗುಲಬರ್ಗಾಕ್ಕೆ ಬರುತ್ತಾರೆ. ಟಿಕೆಟ್ ಚೆಕಿಂಗಿನವರ ಹಾಗೆ. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಟಿಕೆಟ್ ಇದ್ದವನೂ ಕಿಸೆ ತಡಕಬೇಕು.


ಜೂನ್ 20, ಶನಿವಾರ

ಹೋಗಲಿಲ್ಲ.

ಹೋದರೆ ಅಡ್ಮಿಟ್ ಎನ್ನುತ್ತಾರೆ. ಅಡ್ಮಿಟ್ ಆದರೆ ಅಕ್ಕನಿಗೆ ಗೊತ್ತಾಗುತ್ತದೆ. ಜನವರಿಯಲ್ಲಿ ನನಗೆ ಬರೀ ನೆಗಡಿ. ಅದಕ್ಕೇ ತೊಗರಿ ರಾಶಿ ಬಿಟ್ಟು ಓಡಿ ಬಂದಿದ್ದಳು. ಎರಡು ದಿನ ಉಣ್ಣಲಿಲ್ಲ. "ನನ್ನ ಕಿಡ್ನಿನ ಸುಮಾರ ಇತ್ತೇನೋ ತಮ್ಮಾ" ಎಂದು ಒಂದೇ ಸಮ ಅತ್ತಳು. ನೆಗಡಿಗೇ ಹಾಗಾದರೆ ಕಾಲು ಕುಂಟುವುದನ್ನು ನೋಡಿದರೆ? ತನ್ನದೇ ತಪ್ಪು ಎನ್ನುತ್ತಾಳೆ. ಇಲ್ಲ. ಪಂಚಮಿಗೆ ಎರಡೂ ಕಾಲಿಗೆ ಬೂಟು ಹಾಕಿಕೊಂಡು ಅಕ್ಕನ ಅಂಗಳದಲ್ಲಿ ಇಳಿಯಬೇಕು. ಅಷ್ಟರಲ್ಲಿ ಹೇಗಾದರೂ ಇದನ್ನು ಇಳಿಸಬೇಕು.


ಜೂನ್ 23, ಮಂಗಳವಾರ. ಮಧ್ಯಾಹ್ನ 1.00

ಮನೆಯಲ್ಲಿ ತೊಗರಿಬೇಳೆ ಬಂದ್. ಯಾರೋ ಕಸ್ತೂರಿಗೆ ಬೇಳೆಯಿಂದ ಯೂರಿಕ್ ಏರುತ್ತದೆ ಎಂದರಂತೆ. ತೊಗರಿಯ ನಾಡಿನಲ್ಲಿ ಹುಟ್ಟಿ ಬೇಳೆ ಇಲ್ಲದ ಊಟ. ರೊಟ್ಟಿಗೆ ಮಜ್ಜಿಗೆ. ಮೂರು ದಿನ ಮಜ್ಜಿಗೆ. ಬೇಳೆ ಡಬ್ಬಿ ನೋಡಿದರೆ ಕಣ್ಣು ತುಂಬುತ್ತದೆ.

ಪ್ಯಾಸೆಂಜರುಗಳ ಸಲಹೆ ಬೇರೆ. ಒಬ್ಬ ಎಕ್ಕೆ ಎಲೆ ಕಟ್ಟು ಎಂದ. ಒಬ್ಬ ಬೆರಳನ್ನು ಭೀಮಾ ನದಿಯಲ್ಲಿ ಅದ್ದು ಎಂದ. ಆಳಂದ ಗಾಡಿಯ ಕಂಡಕ್ಟರ್ ಮೈಕಿನ ಪಕ್ಕ ನಿಂತೇ ಕೇಳಿದ, "ಸಾಹೇಬ್ರ, ಇವತ್ತ ಎಷ್ಟ್ ಪಾಯಿಂಟ್?" ಮೈಕ್ ಆನ್ ಇತ್ತು. ಇಡೀ ಸ್ಟ್ಯಾಂಡ್ ನನ್ನ ಕಡೆ ತಿರುಗಿತು. ನಾನೂ ನಕ್ಕುಬಿಟ್ಟೆ. ಏನು ಮಾಡುವುದು.


ಜೂನ್ 25, ಗುರುವಾರ. ಸಂಜೆ 6.30

ಲಾಡ್ಲೆಸಾಬ ಬಂದ. ಹಾರ್ನ್ ಹೊಡೆಯದೆ. ಏನೋ ಇದೆ ಎಂದುಕೊಂಡೆ. ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದ, ಎಲೆ ಅಡಿಕೆ ಕೊಟ್ಟ ಹಾಗೆ ಎರಡೂ ಕೈಯಿಂದ ಕೊಟ್ಟ.

"ನಂದೂ ಇದ ಬೀಮಾರಿ ರೀ. ಹತ್ತ ಪಾಯಿಂಟ್ ಇತ್ತು. ಬ್ರೇಕ್ ಒತ್ತಾಕ ಬರ್ತಿರಲಿಲ್ಲ. ಆಳಂದದ ಡಾಕ್ಟರ ಬರ್ದ ಕೊಟ್ಟಾರ. ಮೂರ ತಿಂಗಳದಾಗ ಐದಕ್ಕ ಬಂತು. ನೀವೂ ತಗೊರ್ರಿ, ಭಾಯಿ. ನನ್ನ ಪಾಲಿಂದ ಅರ್ಧ ನಿಮಗ."

ಪಟ್ಟಿಯ ಮೇಲೆ ಅಲೊಪುರಿನಾಲ್ ಎಂದಿದೆ. ಇವನ ಮನೆಯಲ್ಲಿ ಹಬ್ಬದ ಖೀರು ಮಾಡಿದರೂ ನನಗೆ ಡಬ್ಬಿ ಬರುತ್ತದೆ. ನಮ್ಮ ಉಂಡಿ ಅವರ ಮನೆಗೆ. ಈಗ ಗುಳಿಗೆ. ಬೇಡ ಎಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ. ಮೇಲಾಗಿ ಇಬ್ಬರದೂ ಒಂದೇ ರೋಗ, ಒಂದೇ ರಸ್ತೆ.

ಒಂದು ನುಂಗಿದೆ. ಕೆಂಪು ಚಾರ್ಟಿನಲ್ಲಿ ಬರೆಯಲಿಲ್ಲ. ಬರೆದರೆ ಕನ್ನಡಕದ ಮೇಲಿನ ನೋಟ. ಇಲ್ಲಿ ಬರೆದೆನಲ್ಲ, ಸಾಕು.


ಜುಲೈ 1, ಬುಧವಾರ

ನೋವು ಹೆಚ್ಚೇ ಆಯಿತು. ಲಾಡ್ಲೆಸಾಬ, "ಮೊದಲ ಹಂಗ ಮಾಡತದ, ಆಮ್ಯಾಲ ಓಡತದ" ಎನ್ನುತ್ತಾನೆ. ನುಂಗುತ್ತಿದ್ದೇನೆ. ದಿನಕ್ಕೊಂದು. ಜಹೀರುದ್ದೀನನಿಗೂ ಹೇಳಿಲ್ಲ, ಕಸ್ತೂರಿಗೂ ಇಲ್ಲ.


ಜುಲೈ 8, ಬುಧವಾರ. ಬೆಳಿಗ್ಗೆ 6.00

ಬೂಟು ಹಿಡಿಯಿತು!

ಎರಡೂ ಕಾಲಿಗೆ. ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. ಕಸ್ತೂರಿ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನಿಂತಳು. "ಯಾವ ಮಜ್ಜಿಗಿ ಮಾಡಿತು ಇದನ್ನ?" ಎಂದಳು. ಮಜ್ಜಿಗೆಗೇ ಪೂರ್ತಿ ಕೀರ್ತಿ ಬಿಟ್ಟುಕೊಟ್ಟೆ.

ಸಂಜೆ 6.00

ಚೀಟಿ ಬಂತು. ಯೂರಿಕ್ 7.1. ಚೌಡಾಪುರದಲ್ಲಿ ಗಾಡಿಯೊಳಗೇ ಚಪ್ಪಾಳೆ ಹೊಡೆದರಂತೆ. ಲಾಡ್ಲೆಸಾಬ ಸ್ಟ್ಯಾಂಡಿನೊಳಗೆ ಮೂರು ಹಾರ್ನ್ ಹೊಡೆದ. ರಿಪೋರ್ಟ್ ಹಾಕುತ್ತೇನೆ ಎಂದೆ, ಬಾಯಲ್ಲಿ ಮಾತ್ರ. ಬಿಳಿ ರಕ್ತಕಣದ ಲೆಕ್ಕ ಈ ಸಲ ಬೇಡ ಎಂದು ನಾನೇ ಹೇಳಿದ್ದೆ. ಅದು ಯಾವಾಗಲೂ ಸರಿ ಇರುತ್ತದೆ.


ಜುಲೈ 16, ಗುರುವಾರ. ಸಂಜೆ 7.00

ನಾಲ್ಕು ದಿನದಿಂದ ಸುಸ್ತು. ಬಾಯಲ್ಲಿ ಹುಣ್ಣು. ಜ್ವರ ನೂರು. ಮೈಕಿನಲ್ಲಿ ಸೊಲ್ಲಾಪುರ ಎನ್ನುವಷ್ಟರಲ್ಲಿ ಏದುಸಿರು. ಜಹೀರುದ್ದೀನ ಕೇಳದೆಯೇ ರಕ್ತ ತೆಗೆದು ಕಳಿಸಿದ, ಈ ಸಲ ಎಲ್ಲ ಟೆಸ್ಟೂ ಬರೆದು.

ಕ್ರಿಯಾಟಿನಿನ್ 1.3. ಯೂರಿಕ್ 6.2. ಬಿಳಿ ಕಣ 2,100. ನಾಲ್ಕು ಸಾವಿರದ ಮೇಲಿರಬೇಕು.

ಲಾಡ್ಲೆಸಾಬ ಚೀಟಿಯನ್ನು ನಾಲ್ಕಾಗಿ ಮಡಿಸಿ ತಂದುಕೊಟ್ಟ. ಯಾರಿಗೂ ಓದಿ ಹೇಳಲಿಲ್ಲವಂತೆ. ಲ್ಯಾಬಿನವನ ಮುಖ ನೋಡಿಯೇ ತಿಳಿದುಕೊಂಡನಂತೆ. ನನಗೆ ಭಯ ಆಯಿತು. ಇಲ್ಲಿ ಬರೆಯುವುದಕ್ಕೇನು, ಬಹಳ ಭಯ ಆಯಿತು.


ಜುಲೈ 17, ಶುಕ್ರವಾರ. 11.20

ಜೇವರ್ಗಿ ಗಾಡಿ ಅನೌನ್ಸ್ ಮಾಡಿದೆ. ಗಾಡಿಯ ಬಾಗಿಲಲ್ಲಿ ಅಕ್ಕ!

ಸುದ್ದಿ ಹೋದ ದಾರಿ ಕೇಳಿದರೆ ಸಿಟ್ಟೂ ಬರುತ್ತದೆ, ನಗೂ ಬರುತ್ತದೆ. ಒಂಬತ್ತು ಪಾಯಿಂಟ್ ಆರು ಚೌಡಾಪುರದಲ್ಲಿ ಇಳಿದು, ಗುಲಬರ್ಗಾದಲ್ಲಿ ಗಾಡಿ ಬದಲಿಸಿ, ಜೇವರ್ಗಿಯ ಸಂತೆ ಹೊಕ್ಕು, ಕೊಳಕೂರಕ್ಕೆ ನಿನ್ನೆ ಮುಟ್ಟಿದೆ. ನಂಬರ್ ತಪ್ಪಿಲ್ಲ, ಒಂದು ತಿಂಗಳು ಲೇಟ್. ನಮ್ಮ ಗಾಡಿಗಳ ಹಾಗೇ.

ಅಕ್ಕ ಕ್ಯಾಬಿನ್‌ಗೆ ಬಂದಳು. ನೀರೂ ಕುಡಿಯಲಿಲ್ಲ.

"ನನ್ನ ಮೊಣಕಾಲ ನೋವ ಕಿಡ್ನಿ ಜೋಡಿ ನಿನಗ ಬಂದದ. ಅದು ಸುಮಾರಂದು. ಕೊಡುವಾಗ ನನಗ ಗೊತ್ತಿರಲಿಲ್ಲ ತಮ್ಮಾ. ಇನ್ನೊಂದ ಅದ ಅಲ್ಲ, ಅದು ಚೊಲೋದಿರಬೇಕು. ನಡಿ, ಅದನ್ನ ಹಾಕಸ್ಕೋ."

"ಅಕ್ಕಾ, ಅದನ್ನೂ ಕೊಟ್ಟರ ನೀ ಏನ್ ಮಾಡ್ತಿ?"

"ನೀ ಈಗ ಇರೋದನ್ನ ನನಗ ವಾಪಸ ಕೊಡು. ಮೊಣಕಾಲ ನೋವ ನನಗ ರೂಢಿ ಅದ."

ನಾನು ಟೇಬಲ್ ಮೇಲೆ ತಲೆಯಿಟ್ಟು ನಕ್ಕೆ. ನಗುತ್ತ ನಗುತ್ತ ಅಳುವೇ ಬಂತು. ನಾಲ್ಕನೆಯ ಪ್ಲಾಟ್‌ಫಾರ್ಮಿನ ಗಾಡಿ ಅನೌನ್ಸ್ ಇಲ್ಲದೇ ಹೋಯಿತು.


ಜುಲೈ 22, ಬುಧವಾರ. ಮಧ್ಯಾಹ್ನ 3.00. ಮನೆ

ಐದು ದಿನದ್ದು ಒಟ್ಟಿಗೆ.

ಶನಿವಾರ ಗುಲಬರ್ಗಾ. ಡಾಕ್ಟರಮ್ಮ, ನಾನು, ಕಸ್ತೂರಿ, ಅಕ್ಕ. ಚೀಟಿ ನೋಡಿದರು. ಕೆಂಪು ಚಾರ್ಟ್ ತಿರುವಿದರು. ಮತ್ತೆ ಚೀಟಿ. "ಹಳದಿ ಗುಳಿಗಿ ಅಷ್ಟ ಅದ. ಒಂದ ವರ್ಷದಿಂದ ಅಷ್ಟ ಅದ. ಕಣ ಯಾಕ ಬಿತ್ತು? ಬ್ಯಾರೆ ಏನರ ತಗೊಂಡೀರೇನ್ರಿ?"

"ಇಲ್ರಿ."

ಬಾಯಿಂದ ಬಂದೇ ಬಿಟ್ಟಿತು. ಪಕ್ಕದಲ್ಲಿ ಅಕ್ಕ ಇದ್ದಳಲ್ಲ.

"ಹಂಗಾದ್ರ ನಿಮ್ಮ ಶರೀರಕ್ಕ ಈ ಗುಳಿಗಿನ ಆಗವಲ್ಲದು. ಕಾಯಂ ಬಂದ್ ಮಾಡಬೇಕಾಗತದ. ಅದಿಲ್ಲದ ಕಿಡ್ನಿ ಎಷ್ಟ ದಿನ ಉಳೀತದೋ ನಾ ಹೇಳಾಕ ಆಗಂಗಿಲ್ಲ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ನಂದ ಸರಿ ಇಲ್ಲ ಅಂತ ನಾ ಹೇಳಿದ್ದೆ" ಎಂದಳು, ಸಣ್ಣ ದನಿಯಲ್ಲಿ.

ಅಷ್ಟು ಸಾಕಾಯಿತು. ನನ್ನ ಒಂದು ಸುಳ್ಳಿಗೆ ಅಕ್ಕನ ಕಿಡ್ನಿಯ ಮೇಲೆ ಅಪವಾದ. ಚೀಲದಿಂದ ಈ ವಹಿ ತೆಗೆದು ಡಾಕ್ಟರಮ್ಮನ ಮುಂದೆ ಇಟ್ಟೆ. ಜೂನ್ 25ರ ಪುಟ ತೆಗೆದು ಕೊಟ್ಟೆ.

ಓದಿದರು. ಮುಖ ಕೆಂಪಾಯಿತು. ಲಾಡ್ಲೆಸಾಬನ ಗುಳಿಗೆ, ಎಷ್ಟು ದಿನ, ಎಷ್ಟು? ಇಪ್ಪತ್ಮೂರು ದಿನ, ದಿನಕ್ಕೊಂದು. ಮೇಜು ಗುದ್ದಿದರು. ಗುದ್ದಿ, ದೊಡ್ಡ ಉಸಿರು ಬಿಟ್ಟು, ಕುರ್ಚಿಗೆ ಒರಗಿದರು.

"ಯಾ ಅಲ್ಲಾ. ಕಾರಣ ಸಿಕ್ತು. ಕಾರಣ ಸಿಕ್ಕರ ಹಾದಿ ಸಿಗತದ."

ಆಮೇಲೆ ಅಕ್ಕನ ಕಡೆ ಕುರ್ಚಿ ತಿರುಗಿಸಿದರು. ನನಗಲ್ಲ, ಅಕ್ಕನಿಗೇ ಹೇಳಿದರು. ಆ ಮಾತು ಇದ್ದ ಹಾಗೇ ಬರೆಯುತ್ತೇನೆ.

"ಕೇಳ್ರಿ ಗುರುಬಾಯಿ. ನಿಮ್ಮ ಕಿಡ್ನಿ ಬಂಗಾರದಂಥಾದ್ದು. ಯೂರಿಕ್ ಆಸಿಡ್ ಅನ್ನೋದು ದಿನಾ ಕಿಡ್ನಿ ಗೇಟಿನಿಂದ ಹೊರಗ ಹೋಗಬೇಕು. ಇವರ ಎಣ್ಣಿ ಔಷಧ ಅದ ಅಲ್ಲ, ಕಿಡ್ನಿ ಉಳಿಸೋದ ಅದು. ಆದ್ರ ಅದ ಗೇಟಿನ್ಯಾಗ ನಿಂತು ಯೂರಿಕ್‌ನ ಒಳಗ ವಾಪಸ ಕಳಸತದ. ನೀರಿನ ಗುಳಿಗಿನೂ ಹಂಗ ಮಾಡತದ. ಇಬ್ಬರೂ ಕೂಡಿ ನಿಂತರ ಹೊರಗ ಹೋಗೋದು ಹ್ಯಾಂಗ? ಒಂಬತ್ತು ಆಗತದ. ಇಂಥಾ ಔಷಧ ತಗೊಳ್ಳೋ ಭಾಳ ಮಂದಿಗೆ ಹಿಂಗ ಆಗತದ. ನಿಮ್ಮ ಮೊಣಕಾಲಿಗೂ ಇದಕ್ಕೂ ಸಂಬಂಧ ಇಲ್ಲ. ಬ್ಯಾಳಿದೂ ಅಷ್ಟ ತಪ್ಪಿಲ್ಲ."

ಬೇಳೆಯದೂ ತಪ್ಪಿಲ್ಲ! ಕಸ್ತೂರಿಯ ಮುಖ ನೋಡಿದೆ. ಕಸ್ತೂರಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು.

"ಮತ್ತ ಈ ಡ್ರೈವರಂದು?" ಎಂದಳು ಅಕ್ಕ.

"ಡ್ರೈವರ್‌ಗ ಅದು ಅಮೃತ. ಇವರಿಗೆ ವಿಷ. ಹಳದಿ ಗುಳಿಗಿ ತಗೊಂಡ ಮ್ಯಾಲ ಶರೀರ ಅದನ್ನ ಕರಗಿಸಿ ಹೊರಗ ಹಾಕತದ. ಆ ಹಾದೀನ ಡ್ರೈವರ್‌ನ ಗುಳಿಗಿ ಬಂದ್ ಮಾಡತದ. ಒಂದ ನುಂಗಿದ್ರೂ ನಾಕ ನುಂಗಿದಷ್ಟ ಆಗತದ. ಅದಕ್ಕ ರೋಗ ತಡಿಯೋ ಬಿಳಿ ಕಣ ಸತ್ತಾವ. ಇನ್ನ ಹದಿನೈದ ದಿನ ಬರಲಾರದಿದ್ರ ನಾ ಇವರ ಜೋಡಿ ಮಾತಾಡತಿರಲಿಲ್ಲ."

ಅಕ್ಕ ನನ್ನ ಕಡೆ ನೋಡಿದಳು. ಡಾಕ್ಟರಮ್ಮನ ನೋಟ ಇದರ ಮುಂದೆ ಏನೂ ಅಲ್ಲ. "ಅಂದ್ರ ನನ್ನ ಕಿಡ್ನಿ ಚೊಲೋ ಅದ. ಇವನ ತಲಿ ಸುಮಾರ ಅದ." "ಬರೋಬರಿ ಹೇಳಿದ್ರಿ" ಎಂದರು ಡಾಕ್ಟರಮ್ಮ.

ನಾಲ್ಕು ದಿನ ಅಲ್ಲೇ ಅಡ್ಮಿಟ್. ಲಾಡ್ಲೆಸಾಬನ ಗುಳಿಗೆ ಬಂದ್. ನೀರಿನ ಗುಳಿಗೆ ಬಂದ್, ಬಿಪಿಗೆ ಬೇರೆಯದು. ಎಣ್ಣೆ ಔಷಧ ರಕ್ತದಲ್ಲಿ ಎಷ್ಟಿದೆ ನೋಡಿ ಒಂದಿಷ್ಟು ಇಳಿಸಿದರು. ಹಳದಿ ಗುಳಿಗೆ ಸದ್ಯಕ್ಕೆ ಬಂದ್, ಕಣ ಏರುವವರೆಗೆ. ಅದೇ ಕತ್ತಿಯ ಅಂಚು. ಅದು ಇಲ್ಲದಾಗ ಶರೀರ ಪ್ಯಾಸೆಂಜರನ್ನು ಹೊರಗಿನವನೆಂದು ಇಳಿಸಲು ನೋಡಬಹುದು. ಕ್ರಿಯಾಟಿನಿನ್ ಏರಿದರೆ ಹಾಗೆ ಎಂದರ್ಥ. ಜ್ವರ ಸೋಮವಾರ ಬಿಟ್ಟಿತು.

ಶನಿವಾರ ಸಂಜೆ ಸೊಲ್ಲಾಪುರಕ್ಕೆ ಹೊರಡುವಾಗ ಡಾಕ್ಟರಮ್ಮ ವಹಿ ವಾಪಸು ಕೊಟ್ಟರು. "ಜೂನ್ ಹದಿನೆಂಟರದೂ ಓದಿದೆ. ನಾ ಟಿಕೆಟ್ ಚೆಕಿಂಗಿನವಳೇನು?"

ನೆಲ ಬಿರಿಯಬಾರದೇ ಎನಿಸಿತು.

"ಹಂಗಾದ್ರ ದಂಡ ಬೀಳತದ. ದಿನಕ್ಕ ಮೂರ ಲೀಟರ್ ನೀರು. ಮತ್ತ ಇನ್ನ ಮ್ಯಾಲ ವಹಿ ಒಂದ, ಎರಡಲ್ಲ."


ಜುಲೈ 26, ಭಾನುವಾರ. ರಾತ್ರಿ 10.00

ಬಿಳಿ ಕಣ 3,000. ಕ್ರಿಯಾಟಿನಿನ್ 1.3. ಗಂಡಾಂತರ ಅರ್ಧ ಕಳೆಯಿತು ಎಂದ ಜಹೀರುದ್ದೀನ.

ಲಾಡ್ಲೆಸಾಬ ಬಂದಿದ್ದ. ಒಳಗೆ ಬರಲಿಲ್ಲ. ಅಂಗಳದಲ್ಲಿ ಟೋಪಿ ತೆಗೆದು ನಿಂತ. "ನಾ ನಿಮ್ಮನ್ನ ಕೊಲ್ಲಾಕ ಹೋಗಿದ್ದೆ, ಭಾಯಿ" ಎಂದ. ಐವತ್ತೆರಡು ವಯಸ್ಸಿನ ಗಂಡಸು, ಕಣ್ಣೀರು ಗಡ್ಡದೊಳಗೆ. ಅಕ್ಕನೇ ಹೊರಗೆ ಹೋದಳು.

"ನೀ ಇದ್ದದ್ರಾಗ ಅರ್ಧ ಕೊಟ್ಟಿ. ನಾನೂ ಅದನ್ನ ಮಾಡೀನಿ. ಕೊಟ್ಟೋರದ್ದು ತಪ್ಪಲ್ಲ ತಮ್ಮಾ, ಹೇಳಲಾರದ ನುಂಗಿದವಂದು ತಪ್ಪು. ಒಳಗ ಬಾ, ಬ್ಯಾಳಿ ಸಾರ ಮಾಡೀನಿ."

ಎಲ್ಲರೂ ಕೂತು ಉಂಡೆವು. ತೊಗರಿಬೇಳೆ! ನಾನು ಮೂರು ಸಲ ಹಾಕಿಸಿಕೊಂಡೆ. ಲಾಡ್ಲೆಸಾಬ ಹೋಗುವಾಗ ಹೇಳಿದ: ಇನ್ನು ಮೇಲೆ ನನ್ನ ಕೈಯಿಂದ ನಿಮಗೆ ನೀರು ಒಂದೇ.


ಜುಲೈ 29, ಬುಧವಾರ. ಸಂಜೆ 4.30

ಕಣ 3,600. ಕ್ಯಾಬಿನ್‌ನಲ್ಲಿ ಕೂರಲು ಪರವಾನಗಿ, ಕಿಟಕಿ ಮುಚ್ಚಿ, ಬಾಯಿಗೆ ಬಟ್ಟೆ ಕಟ್ಟಿ. ಬಸ್ಸು ಹತ್ತುವಂತಿಲ್ಲ, ಜನರ ಮಧ್ಯೆ ಹೋಗುವಂತಿಲ್ಲ.

ಲಾಡ್ಲೆಸಾಬ ಮಾತಿಗೆ ತಪ್ಪಲಿಲ್ಲ. ಬಂದ ಗಾಡಿಯ ಡ್ರೈವರುಗಳೆಲ್ಲ ಒಂದೊಂದು ಚಂಬು ನೀರು ಕಿಟಕಿಯ ಹೊರಗೆ ಇಟ್ಟು, ಕುಡಿಯುವವರೆಗೆ ನಿಲ್ಲುತ್ತಾರೆ. ಕುಡಿಯದೆ ಗಾಡಿ ತೆಗೆಯುವುದಿಲ್ಲ. ನಾನು ಕುಡಿಯುವುದು ತಡವಾದರೆ ಗಾಡಿ ಲೇಟ್. ಎರಡು ಗಂಟೆಯ ಹೊತ್ತಿಗೆ ಹೊಟ್ಟೆ ತುಂಬಿದ ಭೀಮಾ ಹೊಳೆ. ಸರಿಯಾಗಿ ಜೇವರ್ಗಿ ಗಾಡಿ ಬರುವ ಹೊತ್ತಿಗೆ ತಡೆಯಲಾಗಲಿಲ್ಲ. ಊಟದ ಡಬ್ಬಿ ತಂದಿದ್ದ ಅಕ್ಕನನ್ನು ಕೂರಿಸಿ ಓಡಿದೆ. ಮೂತ್ರಿಯಲ್ಲಿ ನಿಂತಾಗ ತಲೆಯ ಮೇಲಿನ ಸ್ಪೀಕರಿನಿಂದ ಅಕ್ಕನ ದನಿ.

"ಏ ಜೇವರ್ಗಿ ಮಂದಿ, ನಿಮ್ಮ ಗಾಡಿ ಬಂದದ. ಕೇಳಸ್ತೇನು? ಮೂರನೇದ್ರಾಗ ನಿಂತದ. ಕೂಸಿನವರನ್ನ ಮೊದಲ ಹತ್ತಸ್ರಿ. ನೂಕಬ್ಯಾಡ್ರಿ ಬೇ. ಕಂಟ್ರೋಲರ ನೀರ ಬಿಡಾಕ ಹೋಗ್ಯಾನ. ನಗಬ್ಯಾಡ್ರಿ. ಚೊಲೋ ಹೊಂಟದ. ಕಿಡ್ನಿ ನಂದದ!"

ಇಡೀ ಸ್ಟ್ಯಾಂಡ್ ನಕ್ಕಿತು. ನಾನು ಒಳಗೆ ಗೋಡೆ ಹಿಡಿದುಕೊಂಡು ನಕ್ಕೆ. 'ಕಿಡ್ನಿ ನಂದದ' ಎನ್ನುವಾಗ ಆ ದನಿಯಲ್ಲಿ ಎಷ್ಟು ಬಿಂಕ! ಹದಿನೇಳು ತಿಂಗಳು ಹೆದರಿಕೊಂಡೇ ಇದ್ದವಳು. ಈಗ ಮೈಕಿನಲ್ಲಿ ಸಾರುತ್ತಿದ್ದಾಳೆ. ನನಗೆ ಇದಕ್ಕಿಂತ ಹೆಚ್ಚಿನ ಸುಖ ಬೇಡ.


ಜುಲೈ 30, ಗುರುವಾರ. 11.45

ಅಕ್ಕ ಕೊಳಕೂರಕ್ಕೆ ಹೋದಳು. ಹಬ್ಬ ಮುಗಿಸಿಯೇ ಹೋಗು ಎಂದೆವು. ಒಪ್ಪಲಿಲ್ಲ.

"ನಾ ಬಂದದ್ದು ಕಿಡ್ನಿ ನೋಡಾಕ. ಪಂಚಮಿಗಿ ಬಂದಿಲ್ಲ. ಕರೀಲಾರದ ಪಂಚಮಿಗಿ ಕುಂತರ ಓಣಿ ಮಂದಿ ಏನಂದಾರು? ನೀ ಬಂದು ಕರಿ. ಬರ್ತೇನಿ."

"ನನಗ ಗಾಡಿ ಹತ್ತಾಕ ಪರವಾನಗಿ ಇಲ್ಲ ಅಲ್ಲ ಅಕ್ಕಾ. ಕಸ್ತೂರಿನ ಕಳಸ್ತೇನಿ."

"ನನ್ನ ತಮ್ಮ ಕಸ್ತೂರಿ ಅಲ್ಲ."

ಹನ್ನೊಂದೂವರೆ ಗಾಡಿಗೆ ಹತ್ತಿದಳು. ಕಿಟಕಿಯಿಂದ ಬಾಗಿ, ನನ್ನ ಹೊಟ್ಟೆಯ ಬಲಗಡೆ ಬೆರಳು ತೋರಿಸಿ, "ಅದನ್ನೂ ಕರ್ಕೊಂಡು ಬಾ" ಎಂದಳು.


ಆಗಸ್ಟ್ 1, ಶನಿವಾರ. ಬೆಳಿಗ್ಗೆ 7.20

ಥರ್ಮಾಸು ಹೋಯಿತು. ಇವತ್ತು ಡಾಕ್ಟರಮ್ಮ ಗುಲಬರ್ಗಾದಲ್ಲಿದ್ದಾರೆ. ಚೀಟಿಯನ್ನು ಲಾಡ್ಲೆಸಾಬ ಅವರಿಗೇ ತೋರಿಸಿ, ಅವರ ಕೈಬರಹ ತರಬೇಕು. ಕಣ ನಾಲ್ಕು ಸಾವಿರ ದಾಟಬೇಕು, ಕ್ರಿಯಾಟಿನಿನ್ ಏರಿರಬಾರದು. ಎರಡೂ ಆದರೆ ಹಳದಿ ಗುಳಿಗೆ ಮತ್ತೆ ಶುರು, ಬಸ್ಸು ಹತ್ತಲು ಪರವಾನಗಿ. ಒಂದು ತಪ್ಪಿದರೂ ನಾಳೆ ಬೆಳಿಗ್ಗೆ ಅಡ್ಮಿಟ್.

ಗಾಡಿ ಸ್ಟ್ಯಾಂಡಿಗೆ ಬರುವ ತನಕ ಕಾಯಲು ನನ್ನಿಂದ ಆಗುವುದಿಲ್ಲ. ಒಂದು ಕರಾರು ಮಾಡಿಕೊಂಡೆವು. ಎರಡೂ ಸರಿ ಇದ್ದರೆ ಗೋದಾಮಿನ ತಿರುವಿನಲ್ಲೇ ಎರಡು ಹಾರ್ನ್. ಇಲ್ಲದಿದ್ದರೆ ಸುಮ್ಮನೆ ಬರಬೇಕು. "ಎರಡರ ಮ್ಯಾಲ ಒಂದ ಹೊಡದ್ರ ರಿಪೋರ್ಟ್" ಎಂದೆ. "ಹೌದ್ರಿ ಸಾಹೇಬ್ರ" ಎಂದ, ನಗದೇ.

ಸಂಜೆ 5.30

ಕಸ್ತೂರಿ ಚೀಲ ತುಂಬಿ ಕ್ಯಾಬಿನ್‌ಗೇ ತಂದಿದ್ದಾಳೆ. ಶೇಂಗಾ ಉಂಡಿ, ಅಳ್ಳಿಟ್ಟು, ಅಕ್ಕನಿಗೆ ಇಳಕಲ್ ಸೀರೆ. ಹೋಗುವುದಾಗದಿದ್ದರೆ? ಜೇವರ್ಗಿ ಗಾಡಿ ಆರಕ್ಕೆ. ಅಲ್ಲಿ ಅವಳ ತಂಗಿಯ ಮನೆಯಲ್ಲಿ ವಸ್ತಿ, ಬೆಳಿಗ್ಗೆ ಕೊಳಕೂರ, ನಾಳೆ ಹೊತ್ತು ಮುಳುಗುವುದರೊಳಗೆ ಅಕ್ಕ ಇಲ್ಲಿ. ಬೇವಿನ ಮರಕ್ಕೆ ಹಗ್ಗ ಕಟ್ಟಿಯಾಗಿದೆ.

ಎರಡೂ ಕಾಲಿಗೆ ಬೂಟು. ಬೆರಳು ಸುಮ್ಮನಿದೆ.

5.41

ಗುಲಬರ್ಗಾ ಗಾಡಿ ಬರುವ ಹೊತ್ತು ದಾಟಿತು. ಬಲಗಡೆ ಕೈಯಿಟ್ಟು ಕೂತಿದ್ದೇನೆ. ಬೆಚ್ಚಗಿದೆ. ಇಳಿಯಬೇಡ ಮಾರಾಯತಿ, ಕೂತಿರು.

5.50

ಇನ್ನೂ ಇಲ್ಲ. ಕಸ್ತೂರಿ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದಾಳೆ. ಸ್ಟ್ಯಾಂಡಿನಲ್ಲಿ ಎಲ್ಲರೂ ತಿರುವಿನ ಕಡೆಯೇ ಕಿವಿಗೊಟ್ಟಿದ್ದಾರೆ. ಈ ಮಂದಿಗೆಲ್ಲ ಕರಾರು ಯಾರು ಹೇಳಿದರು?

5.52

ಒಂದು.

ಕಸ್ತೂರಿ ನನ್ನ ತೋಳು ಹಿಡಿದಳು.

ಎರಡು!

ಮೂರು. ನಾಲ್ಕು. ನಿಲ್ಲಿಸುವುದಿಲ್ಲ ಈ ಮನುಷ್ಯ. ತಿರುವಿನಿಂದ ಗೇಟಿನ ತನಕ ಒಂದೇ ಸಮ. ಕಿಟಕಿಗಳಲ್ಲೆಲ್ಲ ಕೈ, ರುಮಾಲು, ಯಾರದೋ ಟೋಪಿ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ನಾಕ ಸಾವಿರದ ಒಂಬೈನೂರು! ಒಂದ ಪಾಯಿಂಟ್ ಮೂರು!" ಎಂದು ಕೂಗುತ್ತಿದ್ದಾನೆ. ಬೋರ್ಡಿನ ಕೆಳಗೇ ನಿಲ್ಲಿಸಿದ, ಅಲ್ಲೇ ಹೊಡೆಯುತ್ತಿದ್ದಾನೆ. ಹೊಡಿ ಮಾರಾಯಾ. ಈ ಗದ್ದಲದಲ್ಲಿ ಜೇವರ್ಗಿ ಗಾಡಿ ಅನೌನ್ಸ್ ಮಾಡಿದರೂ ಕೇಳಿಸದು, ಮಾಡಿ ನಾನೇ ಹತ್ತಬೇಕು. ಕಸ್ತೂರಿ ಚೀಲ ಎತ್ತಿದಳು, ವಹಿ ಕಸಿಯುತ್ತಿದ್ದಾಳೆ, ಸಾಕು ಬರೆದದ್ದು ಎನ್ನುತ್ತಾಳೆ, ಅಕ್ಕಾ, ಸೀರೆ ಉಟ್ಟು ತಯಾರಾಗು, ನಾನು, ನನ್ನ ಬಲಗಡೆ ಪ್ಯಾಸೆಂಜರ್, ಇಬ್ಬರೂ ನಿನ್ನ ಕರೆಯಾಕ